ಕೆಂಪು ಮಣ್ಣು, ಪಕ್ಕದ ಮನೆಯ ನೀರು

ಸೈಟು ರಸ್ತೆಗಿಂತ ತಗ್ಗಿನಲ್ಲಿತ್ತು. ಮಳೆ ಬಂದರೆ ಕಪ್ಪೆಗಳಿಗೆ ಗೃಹಪ್ರವೇಶ. ಅದಕ್ಕೇ ಮನೆ ಕಟ್ಟುವ ಮೊದಲು ಗಂಡ ಹೆಂಡತಿ ಲಾರಿಗಟ್ಟಲೆ ಕೆಂಪು ಜಂಬಿಟ್ಟಿಗೆ ಮಣ್ಣು ತರಿಸಿ ಸುರಿಸುತ್ತಿದ್ದರು.

"ಒಂದೇ ಸಲ ತುಂಬಿದ್ರೆ ಆಮೇಲೆ ನೆಲ ಕುಸಿಯುತ್ತೆ, ಗೋಡೆ ಬಾಯಿ ಬಿಡುತ್ತೆ," ಎಂದ ಮೇಸ್ತ್ರಿ. "ಒಂದು ಪದರ ಹರಡಬೇಕು, ನೀರುಣಿಸಬೇಕು, ಬಡಿದು ಬಡಿದು ದಮ್ಮಸು ಮಾಡಬೇಕು. ಆಮೇಲೆ ಇನ್ನೊಂದು."

ಸೈಟಿನಲ್ಲಿ ನೀರೇ ಇರಲಿಲ್ಲ. ಮಳೆಗಾಲದೊಳಗೆ ಪಾಯ ಏಳದಿದ್ದರೆ ಇನ್ನೊಂದು ವರ್ಷ ಬಾಡಿಗೆಯ ಒಂದೇ ಕೋಣೆಯಲ್ಲಿ ಮಕ್ಕಳನ್ನು ಒತ್ತಿಕೊಂಡು ಮಲಗಬೇಕು. ಹೆಂಡತಿ ತಲೆಯ ಮೇಲೆ ಕೈ ಹೊತ್ತು ಕೂತಿದ್ದಾಗ, ಪಕ್ಕದ ಮನೆಯ ಟೈಲರಕ್ಕ ತಾನಾಗಿಯೇ ಪೈಪು ಎಳೆದು ಕೊಟ್ಟಿದ್ದಳು.

"ನಿಮ್ಮ ಟ್ಯಾಂಕ್ ಖಾಲಿ ಆಗುತ್ತಲ್ಲಕ್ಕ?"

"ಆಗ್ಲಿ ಬಿಡೇ. ನಾನೇನು ಅದ್ರಲ್ಲಿ ಮೀನು ಸಾಕಿದೀನಾ?"

'ನಿಮ್ಮ ಹೊಟ್ಟೆ ತಣ್ಣಗಿರಲಿ' ಎಂದು ಅವಳು ಮನಸ್ಸಿನಲ್ಲೇ ಹರಸಿದಳು. ಪದರದ ಮೇಲೆ ಪದರ ಬಿತ್ತು. ಅವಳೇ ಸೆರಗು ಸಿಕ್ಕಿಸಿ ಪೈಪು ಹಿಡಿದು ನೀರುಣಿಸಿದಳು. ಒದ್ದೆ ಮಣ್ಣು ಗಟ್ಟಿಯಾಗುತ್ತ ಏರಿದ ಹಾಗೆ ಅವಳ ಜೀವಕ್ಕೂ ನೆಲ ಸಿಕ್ಕಂತಾಯಿತು.

ಒಂದು ಮಧ್ಯಾಹ್ನ, ಪೈಪನ್ನು ಮಣ್ಣಿನ ಮೇಲೆ ಹರಿಯಲು ಬಿಟ್ಟು, ಕುಡಿಯುವ ನೀರು ಕೇಳಲು ಟೈಲರಕ್ಕನ ಹಿತ್ತಿಲ ಬಾಗಿಲಿಗೆ ಹೋದಳು. ಹೊಸ್ತಿಲು ದಾಟಿ ಕೆಂಪು ನೀರು ಒಳಗೆ ಹರಿದಿತ್ತು. ಟೈಲರಕ್ಕ ಬಟ್ಟೆಯ ಗಂಟುಗಳನ್ನೆಲ್ಲ ಸ್ಟೂಲಿಗೇರಿಸಿ, ಸದ್ದಿಲ್ಲದೆ ನೆಲ ಒರೆಸುತ್ತಿದ್ದಳು. ಯಾರದೋ ಬಿಳಿ ರವಿಕೆ ಬಟ್ಟೆಯ ಅಂಚು ಕೆಂಪಾಗಿತ್ತು.

"ಅಯ್ಯೋ ಅಕ್ಕಾ, ಒಂದು ಮಾತು ಹೇಳ್ಬಾರ್ದಾ!"

"ಹೇಳಿದ್ರೆ ನೀನು ಪೈಪು ಸುತ್ತಿಡ್ತಿದ್ದೆ. ಮಕ್ಕಳನ್ನ ಕಟ್ಕೊಂಡು ಇನ್ನೆಷ್ಟು ದಿನ ಆ ಗೂಡಲ್ಲಿರ್ತೀಯ?"

ಅವಳು ಹೊಸ್ತಿಲ ಮೇಲಿನ ಕೆಂಪು ನೀರನ್ನೇ ನೋಡಿದಳು. ಪೈಪಿನ ನೀರಿಗೇ ಹೀಗಾದರೆ ಮಳೆಯ ನೀರಿಗೆ? ಎತ್ತರಿಸಿದ ಸೈಟಿನ ನೀರೆಲ್ಲ ಈ ಮನೆಗೇ ನುಗ್ಗುತ್ತದೆ.

ಸಂಜೆ ಅವಳು ವಿಷಯ ಹೇಳಿದಾಗ ಮೇಸ್ತ್ರಿ ತಲೆ ಕೆರೆದುಕೊಂಡ. "ಈ ಕಡೆ ಮಣ್ಣು ಕಡಿದು, ಅಂಚಿಗೆ ಕಲ್ಲು ಕಟ್ಟಿ, ಒಂದು ಕಾಲುವೆ ಬಿಡಬಹುದಮ್ಮ. ನೀರು ರಸ್ತೆ ಚರಂಡಿಗೆ ಹೋಗುತ್ತೆ. ಆದ್ರೆ ನಿಮ್ಮ ಅಡುಗೆಮನೆ ಕಿರಿದಾಗುತ್ತೆ."

"ದಮ್ಮಸು ಮಾಡಿದ್ದನ್ನ ಕಡಿಯೋದಾ!" ಗಂಡನ ಮುಖ ಸಪ್ಪಗಾಯಿತು. "ಆಮೇಲೆ ನೀನು ಅಡ್ಡ ತಿರುಗಿ ನಿಂತು ಅಡುಗೆ ಮಾಡ್ಬೇಕಾಗುತ್ತೆ, ನೋಡು."

"ರೀ, ನೀವು ಪಾತ್ರೆ ಮುಚ್ಚಳ ತೆಗೆದು ನೋಡೋಕೆ ಒಳಗೆ ಬರದಿದ್ರೆ ಜಾಗ ಧಾರಾಳ ಆಗುತ್ತೆ."

ಮೇಸ್ತ್ರಿ ಕಿಸಕ್ಕನೆ ನಕ್ಕ. ಗಂಡ ಟೈಲರಕ್ಕನ ಹಿತ್ತಿಲ ಬಾಗಿಲಲ್ಲಿ ಒಣಗಲು ಹಾಕಿದ್ದ ಒರೆಸುಬಟ್ಟೆಗಳತ್ತ ನೋಡಿದ. ಆಮೇಲೆ ತಾನೇ ಗುದ್ದಲಿ ಎತ್ತಿಕೊಂಡ.

ಪಾಯ ಎದ್ದ ಮೇಲೆ ಮೊದಲ ಜೋರು ಮಳೆ ಬಂತು. ಅವಳು ಬಾಡಿಗೆ ಕೋಣೆಯಲ್ಲಿ ಒಲೆಯ ಮೇಲಿನದನ್ನು ಹಾಗೇ ಇಳಿಸಿಟ್ಟು ಸೈಟಿನತ್ತ ಓಡಿದಳು. ಕಾಲುವೆಯ ತುಂಬ ಕೆಂಪು ನೀರು ಭೋರ್ಗರೆದು ರಸ್ತೆಯತ್ತ ಹೋಗುತ್ತಿತ್ತು. ಟೈಲರಕ್ಕನ ಬಾಗಿಲು ತೆರೆದೇ ಇತ್ತು.

"ಇದೇನೇ, ಹೀಗೆ ತೊಪ್ಪೆಯಾಗಿ ಬಂದಿದೀಯ? ಏನಾದ್ರೂ ಬೇಕಿತ್ತಾ?"

"ಏನೂ ಬೇಡಕ್ಕ."

ಅವಳು ಹೊಸ್ತಿಲ ಒಳಗೆ ಅಂಗೈಯೂರಿ ನೋಡಿದಳು. ನೆಲ ಒಣಗಿತ್ತು. ಅಲ್ಲೇ ಕೂತುಬಿಟ್ಟಳು. ಸೆರಗಿನಿಂದ ತೊಟ್ಟಿಕ್ಕುವ ನೀರನ್ನು ಒರೆಸುವಷ್ಟರಲ್ಲಿ ಕಣ್ಣೂ ತುಂಬಿಕೊಂಡಿತು. ಟೈಲರಕ್ಕ ಬೈಯುತ್ತಲೇ ಬಂದು, ಒಣ ಬಟ್ಟೆಯಿಂದ ಅವಳ ತಲೆ ಒರೆಸತೊಡಗಿದಳು.