ಪಾಟಾ ಬಿಚ್ಚಿದ ಜೀಪು

ಬೆನ್ನಿನ ಆಪರೇಷನ್ ಆದ ಮೇಲೆ ಜೀಪಣ್ಣನಿಗೆ ತನ್ನ ಜೀಪು ಕಂಡರೇ ಹೆದರಿಕೆಯಾಗತೊಡಗಿತು. ಕಲ್ಲುಗಣಿಯ ಕಾಲೊನಿಯಿಂದ ಗುಡ್ಡದ ಕೆಳಗಿನ ಪೇಟೆಗೆ ಅರ್ಧ ಆಯುಷ್ಯ ಅದೇ ಜೀಪನ್ನು ಓಡಿಸಿದವನು ಅವನು. ಆ ದಾರಿಗೆ ಬಸ್ಸು ಬರುತ್ತಿರಲಿಲ್ಲ. ಆಸ್ಪತ್ರೆಗೆ, ಅಂಗಡಿಗೆ, ಮಕ್ಕಳ ಶಾಲೆಗೆ, ಎಲ್ಲಕ್ಕೂ ಜೀಪೇ ಗತಿ. ಲಾರಿಗಳು ಉದುರಿಸಿಕೊಂಡು ಹೋದ ಕಲ್ಲು, ನೀರು ಕೊರೆದ ಗುಂಡಿ, ಇವುಗಳ ಕುಲುಕಾಟವೆಲ್ಲ ಸೀಟಿನಿಂದ ಅವನ ಸೊಂಟಕ್ಕೆ ಇಳಿಯುತ್ತಲೇ ಇತ್ತು. ಒಂದು ಬೆಳಿಗ್ಗೆ ಷೂ ಕಟ್ಟಲು ಬಗ್ಗಿದವನು ನೆಟ್ಟಗಾಗಲಿಲ್ಲ. ಅವನನ್ನು ಹಾಗೇ ಬಗ್ಗಿದ ಭಂಗಿಯಲ್ಲೇ ಆಸ್ಪತ್ರೆಗೆ ಒಯ್ದರು.

ಆಪರೇಷನ್ ಚೆನ್ನಾಗಿಯೇ ಆಯಿತು. ಆದರೆ ಮನೆಗೆ ಕಳಿಸುವಾಗ ಡಾಕ್ಟರು ಎರಡು ಮಾತು ಹೇಳಿದರು. ಬೆನ್ನು ಕುಲುಕಬಾರದು. ವ್ಯಾಯಾಮ ಮಾಡಿಸಿಕೊಳ್ಳಲು ವಾರವಾರ ಬರಬೇಕು. ಕುಲುಕದೆ ಬರಬೇಕೆಂದರೆ ತಾನು ಹಾರಿಕೊಂಡೇ ಬರಬೇಕಲ್ಲ ಎಂದು ಅವನು ಕೇಳಿದ. ಡಾಕ್ಟರು ನಕ್ಕರು.

ಮೊದಲ ವಾರ ಹೆಂಡತಿಯೇ ಜೀಪು ಓಡಿಸಿ ಅವನನ್ನು ಕರೆದುಕೊಂಡು ಹೋದಳು. ಅವಳಿಗೆ ಓಡಿಸುವುದನ್ನು ಕಲಿಸಿದವನು ಅವನೇ, ಮದುವೆಯಾದ ಹೊಸತರಲ್ಲಿ, ಗಣಿಯ ಬಯಲಿನಲ್ಲಿ. ನಡೆಯುವವರಿಗಿಂತ ನಿಧಾನವಾಗಿ ಓಡಿಸಿದರೂ ಪ್ರತಿ ಕಲ್ಲಿಗೂ ಅವನ ಮುಖ ಬಿಳಿಚಿಕೊಳ್ಳುತ್ತಿತ್ತು. ಎರಡನೆಯ ವಾರ ಅವನು ಟವೆಲನ್ನು ಬಾಯಲ್ಲಿ ಕಚ್ಚಿಕೊಂಡು ಕೂತ. ವಾಪಸು ಬಂದು ಹಾಸಿಗೆಗೆ ಒರಗಿದವನು ಇನ್ನು ಆ ಜೀಪು ಹತ್ತುವುದಿಲ್ಲ ಎಂದುಬಿಟ್ಟ. ಅಲ್ಲಿಗೆ ವ್ಯಾಯಾಮ ನಿಂತಿತು.

ಸಂಸಾರ ನಿಲ್ಲುವಂತಿರಲಿಲ್ಲ. ಅವಳು ಜನರನ್ನು ಕೂರಿಸಿಕೊಂಡು ದಿನವೂ ಪೇಟೆಗೆ ಓಡಿಸತೊಡಗಿದಳು. ಮೊದಮೊದಲು ಹಿಂದಿನ ಸೀಟಿನವರು ಕಂಬಿಯನ್ನು ಎರಡು ಕೈಯಲ್ಲೂ ಹಿಡಿದು ಉಸಿರು ಬಿಗಿಹಿಡಿದು ಕೂರುತ್ತಿದ್ದರು. ಬರಬರುತ್ತ ಹರಟೆ ಹೊಡೆಯಲು ಶುರುಮಾಡಿದರು. ಜೀಪಣ್ಣನ ಹೆಂಡತಿ ಎನ್ನುತ್ತಿದ್ದವರು ಜೀಪಕ್ಕ ಎಂದರು. ಅವಳಿಗೆ ಅದೇನೋ ಹಿತವಾಗಿತ್ತು. ಆದರೆ ಮನೆಗೆ ಬಂದರೆ, ವ್ಯಾಯಾಮವಿಲ್ಲದೆ ಗಂಡನ ಕಾಲು ಸೊರಗುತ್ತಿರುವುದು ಕಣ್ಣಿಗೆ ಬೀಳುತ್ತಿತ್ತು. ಪ್ಯಾಂಟು ಹಗ್ಗದ ಮೇಲೆ ಒಣಗಲು ಹಾಕಿದಂತೆ ಆ ಕಾಲುಗಳ ಮೇಲೆ ಜೋತಾಡುತ್ತಿತ್ತು.

ಪೇಟೆಯ ಗ್ಯಾರೇಜಿನಲ್ಲಿ ಅವಳ ತಮ್ಮ ವೆಲ್ಡರ್. ಯಾವ ಕೆಲಸ ಹೇಳಿದರೂ ‘ಆಗೋಗುತ್ತೆ’ ಅನ್ನುವುದು ಅವನ ಅಭ್ಯಾಸ. ಗ್ಯಾರೇಜಿನವರು ಅದನ್ನೇ ಅವನ ಹೆಸರು ಮಾಡಿದ್ದರು. ಒಮ್ಮೆ ಗಣಿಯ ಮೇಲ್ವಿಚಾರಕರ ಗಾಡಿ ರಿಪೇರಿಯಾದ ಮೇಲೆ ಅದನ್ನು ಮೇಲಕ್ಕೆ ತಲುಪಿಸಲು ಆಗೋಗುತ್ತೆ ಹೊರಟಿದ್ದ. ಅಂದು ಪೇಟೆಗೆ ಬಂದಿದ್ದ ಜೀಪಿನ ಕ್ಲಚ್ ಕೈಕೊಟ್ಟಿದ್ದರಿಂದ ಅಕ್ಕನೂ ಅದರಲ್ಲೇ ಹತ್ತಿದಳು. ಅದೇ ದಾರಿ, ಅವೇ ಕಲ್ಲು. ಆದರೆ ಮಡಿಲಲ್ಲಿದ್ದ ಮೊಟ್ಟೆಯ ಬುಟ್ಟಿಯಲ್ಲಿ ಒಂದು ಮೊಟ್ಟೆಯೂ ಬಿರುಕು ಬಿಡಲಿಲ್ಲ. ಇಳಿದವಳೇ ಬಗ್ಗಿ ಗಾಡಿಯ ಕೆಳಗೆ ನೋಡಿದಳು.

ತಮ್ಮ ವಿವರಿಸಿದ. ಅಕ್ಕನ ಜೀಪಿನ ಕೆಳಗಿರುವುದು ಪಾಟಾ, ಬಿಲ್ಲಿನಂತೆ ಬಾಗಿದ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿ ಬಿಗಿದದ್ದು. ಭಾರ ಹೊರಲು ಗಟ್ಟಿ, ಆದರೆ ಮಣಿಯುವುದಿಲ್ಲ. ಈ ಗಾಡಿಯಲ್ಲಿ ಇರುವುದು ಸುರುಳಿ ಸ್ಪ್ರಿಂಗ್. ಚಕ್ರ ಎಷ್ಟು ಎದ್ದುಬಿದ್ದರೂ ಕೂತವರಿಗೆ ಅಷ್ಟು ತಟ್ಟುವುದಿಲ್ಲ.

‘ನಮ್ಮ ಜೀಪಿಗೂ ಇದನ್ನ ಹಾಕಕ್ಕಾಗುತ್ತಾ?’ ಎಂದಳು.

ತಮ್ಮ ಏನು ಹೇಳಿದ ಎಂದು ಹೇಳಬೇಕಾಗಿಲ್ಲ.

ಜೀಪಣ್ಣ ಮಾತ್ರ ಸುತರಾಂ ಒಪ್ಪಲಿಲ್ಲ. ಹಾಸಿಗೆಯಲ್ಲೇ ದಿಂಬಿಗೆ ಒರಗಿ, ಎದುರಿನ ಕುರ್ಚಿಯಲ್ಲಿ ಟೀ ಕುಡಿಯುತ್ತಿದ್ದ ಭಾಮೈದನನ್ನು ತರಾಟೆಗೆ ತೆಗೆದುಕೊಂಡ.

‘ಪಾಟಾ ಬರೀ ಭಾರ ಹೊರೋದಿಲ್ಲ ಕಣೋ. ಎರಡು ಚಕ್ರ ಸೇರಿಸೋ ಆಕ್ಸಲನ್ನ ಅದರ ಜಾಗದಲ್ಲಿ ಹಿಡಿದಿಟ್ಟಿರೋದೂ ಅದೇ. ಅದನ್ನ ಬಿಚ್ಚಿಬಿಟ್ರೆ ಆಕ್ಸಲ್ ಎಲ್ಲಿಗೆ ಹೋಗುತ್ತೆ? ನಿಮ್ಮನೆಗಾ?’

‘ಅದಕ್ಕೆ ರಾಡ್ ಹಾಕ್ತೀನಿ ಭಾವ. ಉದ್ದಕ್ಕೆ ಹಿಡಿಯೋಕೆ ಎರಡೂ ಕಡೆ, ಅಡ್ಡಕ್ಕೆ ಒಂದು. ಎಲ್ಲಾ ಚಾಸಿ ಚೌಕಟ್ಟಿಗೇ ವೆಲ್ಡಿಂಗು.’

‘ಆ ವೆಲ್ಡಿಂಗು ಇಳಿಜಾರಿನ ತಿರುವಲ್ಲಿ ಬಿಟ್ಕೊಂಡ್ರೆ?’

ಆಗೋಗುತ್ತೆಗೆ ಆ ಪ್ರಶ್ನೆಗೆ ‘ಆಗೋಗುತ್ತೆ’ ಅನ್ನಲು ಬಾಯಿ ಬರಲಿಲ್ಲ. ಜೀಪಕ್ಕ ಬಾಗಿಲಲ್ಲಿ ನಿಂತಿದ್ದಳು. ಅವಳು ವಾದ ಮಾಡಲಿಲ್ಲ. ಮಾರನೆಯ ದಿನ ಗಂಡನ ಬಟ್ಟೆ ಒಗೆದು ತಂದವಳು ಪ್ಯಾಂಟಿನ ಸೊಂಟ ಸಣ್ಣದು ಮಾಡಲು ಸೂಜಿ ದಾರ ಹಿಡಿದು ಅವನ ಮುಂದೆಯೇ ಕೂತಳು. ಅವನು ಸ್ವಲ್ಪ ಹೊತ್ತು ಅದನ್ನೇ ನೋಡಿದ. ಕೊನೆಗೆ ಗೋಡೆಯ ಕಡೆ ತಿರುಗಿ, ಏನು ಬೇಕಾದರೂ ಮಾಡಿಕೊಳ್ಳಿ, ತನ್ನನ್ನು ಕೇಳಬೇಡಿ ಎಂದ.

ಗಣಿಗೆ ರಜೆಯಿದ್ದ ವಾರ ಕೆಲಸ ಶುರುವಾಯಿತು. ಮನೆಯ ಪಕ್ಕದ ಶೆಡ್ಡಿನಲ್ಲಿ ಜೀಪನ್ನು ಎತ್ತಿ ಮರದ ದಿಮ್ಮಿಗಳ ಮೇಲೆ ಕೂರಿಸಿದರು. ತುಕ್ಕು ಹಿಡಿದ ಬೋಲ್ಟುಗಳು ಸ್ಪ್ಯಾನರಿಗೆ ಜಗ್ಗಲಿಲ್ಲ. ಗ್ರೈಂಡರ್ ಹಿಡಿದು ಕೊಯ್ಯಬೇಕಾಯಿತು. ಕೊನೆಯ ಬೋಲ್ಟು ಬಿಟ್ಟುಕೊಂಡಾಗ ಪಾಟಾ ನೆಲಕ್ಕೆ ಬಿದ್ದ ಸದ್ದು ಮನೆಯೊಳಗೂ ಕೇಳಿತು. ಒಳಗಿನಿಂದ ಜೀಪಣ್ಣ ಕೆಮ್ಮಿದ. ಅವನಿಗೆ ಕೆಮ್ಮಿರಲಿಲ್ಲ.

ಸುರುಳಿ ಸ್ಪ್ರಿಂಗುಗಳನ್ನು ಗುಜರಿಯಲ್ಲಿದ್ದ ದೊಡ್ಡ ಗಾಡಿಯೊಂದರಿಂದ ಆಗೋಗುತ್ತೆ ಹುಡುಕಿ ತಂದಿದ್ದ. ಅವು ಕೂರಲು ಆಕ್ಸಲಿನ ಮೇಲೆ ಬಟ್ಟಲಿನಂಥ ಜಾಗ, ಮೇಲೆ ಚಾಸಿಯಿಂದ ಇಳಿಬಿಟ್ಟ ಗೂಡು. ಉದ್ದದ ರಾಡುಗಳು ದಪ್ಪ ಕೊಳವೆಯವು. ಅಕ್ಕ ಅಳತೆ ಹಿಡಿದಳು, ತಮ್ಮ ಬೆಸೆದ. ಎಡ ಬಲ ಒಂದೇ ಸಮ ಬರುವವರೆಗೆ ಅವಳು ಅವನನ್ನು ಬಿಡಲಿಲ್ಲ. ಸೀರೆ ಸೆರಗಿನ ನೆರಿಗೆ ಹಿಡಿದ ಹಾಗೆ ಹಿಡಿಯುತ್ತೀಯಲ್ಲ ಅಕ್ಕ ಎಂದು ಅವನು ಗೊಣಗಿದ. ನಿನ್ನ ಕೈಯ ಕೆಲಸಕ್ಕೆ ಅದೇ ಬೇಕು ಎಂದಳು ಅವಳು. ದಿಮ್ಮಿಯಿಂದ ಕೆಳಗಿಳಿಸಿದಾಗ ಜೀಪು ಒಮ್ಮೆ ಮೈ ತೂಗಿ ನಿಂತಿತು. ಮೂಲೆ ಒತ್ತಿದರೆ ಕೆಳಗೆ ಹೋಗಿ ಮೆಲ್ಲನೆ ಮೇಲೆ ಬರುತ್ತಿತ್ತು. ಇಬ್ಬರೂ ಸರದಿ ಹಿಡಿದು ಒತ್ತಿ ನೋಡಿ ನಕ್ಕರು.

ಮರುದಿನ ಬೆಳಿಗ್ಗೆ ಅಕ್ಕ ತಮ್ಮ ಇಬ್ಬರೇ ಓಡಿಸಿ ನೋಡಲು ಹೊರಟರು. ಗುಡ್ಡದ ದಾರಿಯಲ್ಲಿ ಜೀಪು ನೀರಿನ ಮೇಲೆ ದೋಣಿ ಹೋದಂತೆ ಹೋಯಿತು. ಕಲ್ಲು ಬಂತು, ಚಕ್ರ ಎದ್ದಿತು, ಇಳಿಯಿತು, ಸೀಟಿಗೆ ಸುದ್ದಿಯೇ ಬರಲಿಲ್ಲ. ತಮ್ಮ ತೊಡೆ ತಟ್ಟಿಕೊಂಡು ತನ್ನ ಗುಣಗಾನ ತಾನೇ ಮಾಡಿಕೊಂಡ. ಕೆಳಗೆ ಟಾರು ರಸ್ತೆ ಸಿಕ್ಕಿತು. ಅವಳು ವೇಗ ಏರಿಸಿದಳು. ಸೇತುವೆ ಶುರುವಾಗುವ ಕಡೆ ರಸ್ತೆಗೆ ಅಡ್ಡಲಾಗಿ ಉಬ್ಬಿದ ಒಂದು ಸಣ್ಣ ಏಣು. ಚಕ್ರ ಅದಕ್ಕೆ ತಾಗಿತು, ಅಷ್ಟೆ. ಸ್ಟೇರಿಂಗ್ ಹುಚ್ಚು ಹಿಡಿದಂತೆ ಎಡಕ್ಕೂ ಬಲಕ್ಕೂ ಬಡಿದುಕೊಳ್ಳತೊಡಗಿತು. ಇಡೀ ಜೀಪು ನಡುಗಿತು. ಎದುರಿನಿಂದ ಕಲ್ಲು ತುಂಬಿದ ಲಾರಿ ಬರುತ್ತಿತ್ತು.

ಬ್ರೇಕಿನ ಮೇಲೆ ಕಾಲಿಟ್ಟರೆ ಜೀಪು ಎತ್ತ ತಿರುಗುತ್ತದೋ ತಿಳಿಯದು. ಅವಳು ಆಕ್ಸಿಲರೇಟರ್ ಮಾತ್ರ ಬಿಟ್ಟು, ಸ್ಟೇರಿಂಗಿಗೆ ಇಡೀ ಮೈಯನ್ನೇ ಆನಿಸಿ ಹಿಡಿದಳು. ವೇಗ ಇಳಿಯಿತು, ನಡುಕವೂ ತಗ್ಗುತ್ತ ಬಂತು. ಲಾರಿ ಹಾರ್ನ್ ಬಾರಿಸುತ್ತ ಪಕ್ಕದಲ್ಲೇ ದಾಟಿ ಹೋಯಿತು. ಸೇತುವೆಯಾಚೆ ರಸ್ತೆ ಬದಿಗೆ ಬಂದು ನಿಲ್ಲಿಸಿದಳು. ತಮ್ಮ ಇಳಿದು ಹೋಗಿ ಮೋರಿಯ ಕಟ್ಟೆಯ ಮೇಲೆ ತಲೆ ಹಿಡಿದುಕೊಂಡು ಕೂತ.

ಇರುವೆಯ ವೇಗದಲ್ಲಿ ವಾಪಸು ಬಂದರು. ಗಂಡನಿಗೆ ಏನೂ ಹೇಳಬಾರದೆಂದು ದಾರಿಯಲ್ಲೇ ಮಾತಾಡಿಕೊಂಡಿದ್ದರು. ಆದರೆ ತಮ್ಮನ ಮುಖವೇ ಎಲ್ಲ ಹೇಳುತ್ತಿತ್ತು. ಜೀಪಣ್ಣ ಬಾಗಿಲ ಹತ್ತಿರ ಕೋಲೂರಿ ನಿಂತಿದ್ದ. ಭಾಮೈದನ ಮುಖ ನೋಡಿದ, ಹೆಂಡತಿಯ ಕೈ ನೋಡಿದ. ಅವಳ ಬಲ ಮಣಿಕಟ್ಟು ಊದಿಕೊಂಡಿತ್ತು.

‘ಕೈ ತುಂಬಾ ನೋಯ್ತಿದೆಯಾ?’ ಎಂದ.

ನಾನು ಹೇಳಲಿಲ್ಲವೇ ಎಂಬ ಮಾತಿಗೆ ಅವಳು ಸಿದ್ಧಳಾಗಿ ಬಂದಿದ್ದಳು. ಈ ಪ್ರಶ್ನೆಗೆ ಸಿದ್ಧಳಾಗಿರಲಿಲ್ಲ. ಅಲ್ಲೇ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟಳು. ಸೇತುವೆ, ಲಾರಿ, ಎಲ್ಲವನ್ನೂ ಅಳುತ್ತಲೇ ಹೇಳಿದಳು. ಪಾಟಾವನ್ನೇ ಮತ್ತೆ ಹಾಕಿಬಿಡೋಣ ಎಂದಳು. ಅವನಿಗೆ ಅವಳ ಪಕ್ಕದಲ್ಲಿ ಕೂರಲು ಆಗುತ್ತಿರಲಿಲ್ಲ. ಕಂಬಕ್ಕೆ ಒರಗಿ ನಿಂತೇ ಅವಳ ತಲೆಯ ಮೇಲೆ ಕೈಯಿಟ್ಟ.

‘ನನ್ನ ಬೆನ್ನಿಗೋಸ್ಕರ ಬೇಡ ಅಂದಿರಲಿಲ್ಲ ಕಣೇ. ದಿನಾ ಓಡಿಸೋಳು ನೀನಲ್ವಾ, ಅದಕ್ಕೆ ಅಂದಿದ್ದು. ಈಗ ಬಿಚ್ಚಿ ಆಗಿದೆ. ಹೆದರಿಕೊಂಡು ಬಿಡೋದಕ್ಕಿಂತ ಏನಾಗಿದೆ ಅಂತ ನೋಡೋಣ. ಒಂದು ಸ್ಟೂಲ್ ತಗೊಂಡ್ಬಾ.’

ಆಪರೇಷನ್ ಆದ ಮೇಲೆ ಅವನು ಶೆಡ್ಡಿಗೆ ಕಾಲಿಟ್ಟದ್ದು ಅದೇ ಮೊದಲು. ಮುಂದಿನ ಚಕ್ರದ ಪಕ್ಕ ಎತ್ತರದ ಸ್ಟೂಲಿನ ಮೇಲೆ ಕೂತ. ಭಾಮೈದನನ್ನು ಟಾರ್ಚ್ ಕೊಟ್ಟು ಜೀಪಿನ ಕೆಳಗೆ ಮಲಗಿಸಿದ. ಹೆಂಡತಿಗೆ ಎಂಜಿನ್ ಹಾಕದೆ ಸ್ಟೇರಿಂಗನ್ನು ಸ್ವಲ್ಪ ಎಡಕ್ಕೆ, ಸ್ವಲ್ಪ ಬಲಕ್ಕೆ ಅಲ್ಲಾಡಿಸುತ್ತಿರಲು ಹೇಳಿದ. ಅವಳು ನೋಯದ ಕೈಯಲ್ಲಿ ಅಲ್ಲಾಡಿಸಿದಳು.

‘ನೋಡು, ಚಕ್ರ ತಿರುಗೋಕೆ ಮುಂಚೆ ಆಕ್ಸಲೇ ಪಕ್ಕಕ್ಕೆ ಜರೀತಿದೆ’ ಎಂದ ಜೀಪಣ್ಣ.

ಅವಳು, ಸ್ಟೇರಿಂಗಿನಲ್ಲೂ ‘ಟಕ್’ ಅಂತ ಸಿಗುತ್ತಿದೆ ಎಂದಳು. ಕೆಳಗಿದ್ದವನು ಅಡ್ಡ ರಾಡಿನ ತುದಿಗೆ ಬೆರಳಿಟ್ಟು ನೋಡಿ ‘ಸಿಕ್ತು’ ಎಂದ. ರಾಡನ್ನು ಹಿಡಿದ ಬ್ರಾಕೆಟ್ಟಿನ ತೂತು ಬೋಲ್ಟಿಗಿಂತ ದೊಡ್ಡದಾಗಿತ್ತು. ಸರಿಯಾದ ಬೋಲ್ಟು ಕೈಗೆ ಸಿಗದೆ ಸಣ್ಣದನ್ನೇ ಹಾಕಿ ಬಿಗಿದಿದ್ದ. ಸ್ಟೇರಿಂಗ್ ಹಾಗೆ ಬಡಿದುಕೊಳ್ಳಲು ಅಷ್ಟು ಸಂದು ಸಾಕಾಗಿತ್ತು. ಆಗೋಗುತ್ತೆ ಹೊರಗೆ ತೆವಳಿ ಬಂದು, ಭಾವನ ಮುಖ ನೋಡಲಾರದೆ ಟಾರ್ಚನ್ನು ಆರಿಸುತ್ತ ಹಚ್ಚುತ್ತ ನಿಂತ. ಜೀಪಣ್ಣ ಬೈಯಲಿಲ್ಲ. ಇನ್ನು ಈ ಜೀಪಿಗೆ ‘ಆಗೋಗುತ್ತೆ’ ಬೇಡ, ‘ಆಯ್ತಾ’ ಅಂತ ಕೇಳಿ ನೋಡಿ ಮುಂದಿನದು ಮಾಡೋಣ ಎಂದಷ್ಟೇ ಹೇಳಿದ.

ಆಮೇಲಿನ ದಿನಗಳಲ್ಲಿ ಜೀಪಣ್ಣನ ಸ್ಟೂಲು ಶೆಡ್ಡಿನಲ್ಲೇ ಉಳಿಯಿತು. ಹಳೆಯ ಬ್ರಾಕೆಟ್ಟನ್ನು ಕೊಯ್ದು ತೆಗೆದು ದಪ್ಪ ತಗಡಿನದನ್ನು ಮಾಡಿದರು. ಬೋಲ್ಟು ತೂತಿನೊಳಗೆ ಸುತ್ತಿಗೆಯ ಪೆಟ್ಟಿಗೇ ಇಳಿಯುವಂತಿತ್ತು. ಉಳಿದ ಬೆಸುಗೆಗಳನ್ನೂ ಜೀಪಣ್ಣ ಒಂದೊಂದಾಗಿ ನೋಡಿದ. ಅನುಮಾನ ಬಂದಲ್ಲಿ ಮತ್ತೆ ಬೆಸೆಯಿಸಿದ. ಆಮೇಲೆ ಜೀಪಿನ ತುಂಬ ಜನರಷ್ಟೇ ಭಾರದ ಕಲ್ಲು ಹೇರಿಸಿ ಗುಡ್ಡ ಹತ್ತಿಸಿ ಇಳಿಸಿದರು. ಈ ಸಲ ಸ್ಟೇರಿಂಗ್ ಹಿಡಿದವನು ಆಗೋಗುತ್ತೆ. ಜೀಪಕ್ಕನ ಕೈಗೆ ಇನ್ನೂ ಪಟ್ಟಿ ಕಟ್ಟಿತ್ತು, ಆದರೂ ಪಕ್ಕದಲ್ಲಿ ಅವಳು ಕೂತೇ ಕೂತಳು.

ಜೀಪಣ್ಣ ಗೇಟಿನ ಹತ್ತಿರ ನಿಂತು ಕಾದ. ಸೇತುವೆಯ ಕಡೆ ಹೋದವರು ಬರುವುದು ತಡವಾದಂತೆ ಅವನು ಗೇಟಿನ ಚಿಲಕವನ್ನು ತೆಗೆಯುತ್ತ ಹಾಕುತ್ತ ನಿಂತ. ಕೊನೆಗೆ ತಿರುವಿನಲ್ಲಿ ಜೀಪು ಕಂಡಿತು. ಹೆಂಡತಿ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ ಪಟ್ಟಿ ಕಟ್ಟಿದ ಕೈಯನ್ನೇ ಬೀಸುತ್ತಿದ್ದಳು. ಆ ಏಣನ್ನು ಜೋರಾಗಿ, ನಿಧಾನವಾಗಿ, ಸಾಕು ಸಾಕೆನಿಸುವಷ್ಟು ಸಲ ದಾಟಿದೆವು, ಜೀಪು ಜಪ್ಪಯ್ಯ ಅನ್ನಲಿಲ್ಲ ಎಂದಳು. ಜೀಪಣ್ಣ ಉಸಿರು ಬಿಟ್ಟ. ಅಂದು ಒಂದೂಟಕ್ಕೆ ಎರಡೂಟ ಉಂಡ.

ಪೇಟೆಯ ವಾಹನ ತಪಾಸಣೆಯ ಅಧಿಕಾರಿ ಸುಮ್ಮನೆ ಬಿಡುವ ಆಸಾಮಿಯಲ್ಲ. ಕೆಳಗೆ ತೂರಿ ಎಲ್ಲ ತಟ್ಟಿ ನೋಡಿ, ತಾನೇ ಓಡಿಸಿ ಬಂದು ಒಪ್ಪಿಗೆ ಕೊಟ್ಟರು. ಇಳಿಯುವಾಗ, ತಮ್ಮ ಗಾಡಿಗಿಂತ ಇದೇ ಮೆತ್ತಗಿದೆ ಎಂದರಂತೆ. ಈ ಮಾತನ್ನು ಆಗೋಗುತ್ತೆ ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗಿದ.

ಮುಂದಿನ ವಾರ ಜೀಪಣ್ಣ ಆಸ್ಪತ್ರೆಗೆ ಹೊರಟ. ಮುಂದಿನ ಸೀಟಿನಲ್ಲಿ ಎರಡು ದಿಂಬಿನ ನಡುವೆ ಕೂತು, ಎದುರಿನ ಹಿಡಿಯನ್ನು ಬೆರಳ ಗಿಣ್ಣು ಬೆಳ್ಳಗಾಗುವಷ್ಟು ಬಿಗಿಯಾಗಿ ಹಿಡಿದುಕೊಂಡ. ಹಿಂದೆ ಕಾಲೊನಿಯ ಹೊಲಿಗೆಯ ಅಜ್ಜಿ ಬಟ್ಟೆಗಂಟು ಇಟ್ಟುಕೊಂಡು ಕೂತಿದ್ದಳು. ಮೊದಲ ಕಲ್ಲು ದಾಟಿತು. ಜೀಪಕ್ಕ ವಾರೆಗಣ್ಣಿನಲ್ಲಿ ಗಂಡನನ್ನು ನೋಡಿದಳು. ಗುಂಡಿಗಳು ಬಂದವು, ಹೋದವು. ಕಡಿದಾದ ಇಳಿಜಾರು ಮುಗಿಯುವ ಹೊತ್ತಿಗೆ ಅವನು ಇದ್ದಕ್ಕಿದ್ದಂತೆ ‘ನಿಲ್ಸು’ ಎಂದ.

ಅವಳು ಗಾಬರಿಯಿಂದ ರಸ್ತೆ ಬದಿಗೆ ತಿರುಗಿಸಿದಳು. ಜೀಪು ನಿಲ್ಲಿಸಿ, ‘ನೋವಾಯ್ತಾ? ಎಲ್ಲಿ?’ ಎಂದಳು.

‘ನೋವೂ ಇಲ್ಲ ಏನೂ ಇಲ್ಲ. ಬೆಳಗ್ಗೆಯಿಂದ ಹೆದರಿಕೆಗೆ ನೀರು ಕುಡಿದದ್ದೇ ಕುಡಿದದ್ದು. ಒಂದಕ್ಕೆ ಹೋಗ್ಬೇಕು.’

ಹೊಲಿಗೆಯ ಅಜ್ಜಿ ಗಂಟಿನಲ್ಲಿ ಮುಖ ಮುಚ್ಚಿಕೊಂಡು ನಕ್ಕಳು. ಜೀಪಕ್ಕನಿಗೂ ನಗು ತಡೆಯಲಾಗಲಿಲ್ಲ. ಅವನು ಕೋಲೂರಿಕೊಂಡು ಪೊದೆಯ ಮರೆಗೆ ಹೋಗಿ ಬಂದ. ಬರುವಾಗ ಬಗ್ಗದೆಯೇ ಕೋಲಿನ ತುದಿಯಿಂದ ಸುರುಳಿ ಸ್ಪ್ರಿಂಗನ್ನು ಎರಡು ಸಲ ತಟ್ಟಿ, ಪರವಾಗಿಲ್ಲ ಕಣೋ ನೀನು ಎಂದು ಅದಕ್ಕೇ ಹೇಳಿ ಹತ್ತಿದ.

ಟಾರು ರಸ್ತೆ ಬಂತು. ಸೇತುವೆ ದಾಟಿದರು. ಅಜ್ಜಿ ಹಿಂದಿನಿಂದ, ಈ ಜೀಪು ತಿರುವಿನಲ್ಲಿ ತೊಟ್ಟಿಲ ಹಾಗೆ ತೂಗುತ್ತದೆ, ತನಗೆ ಹೊಟ್ಟೆ ತೊಳಸುತ್ತಿದೆ, ಹಳೆಯದೇ ವಾಸಿಯಿತ್ತು ಎಂದು ದೂರು ಹೇಳುತ್ತಿದ್ದಳು. ಇದಕ್ಕೆ ಗಂಡ ಏನನ್ನುತ್ತಾನೋ ಎಂದು ಜೀಪಕ್ಕ ತಿರುಗಿ ನೋಡಿದಳು. ಅವನ ಕೈ ಹಿಡಿಯಿಂದ ಜಾರಿ ತೊಡೆಯ ಮೇಲೆ ಬಿದ್ದಿತ್ತು. ಬಾಯಿ ಸ್ವಲ್ಪ ತೆರೆದಿತ್ತು. ಅವನು ಗಾಢ ನಿದ್ದೆಯಲ್ಲಿದ್ದ.

ಅಜ್ಜಿಯೂ ಬಗ್ಗಿ ನೋಡಿ ಮಾತು ನಿಲ್ಲಿಸಿದಳು. ಸ್ವಲ್ಪ ಹೊತ್ತಿನ ಮೇಲೆ, ಹೊಟ್ಟೆ ತೊಳಸುವುದು ಅಷ್ಟೇನೂ ಇಲ್ಲ, ನೀನು ಓಡಿಸು ಮಗಳೇ ಎಂದು ಪಿಸುಗುಟ್ಟಿದಳು. ಜೀಪಕ್ಕ ಗೇರು ಬದಲಿಸದೆ, ಹಾರ್ನ್ ಒತ್ತದೆ, ಆಸ್ಪತ್ರೆಯ ಕಡೆಯ ರಸ್ತೆಗೆ ಮೆಲ್ಲಗೆ ತಿರುಗಿಸಿದಳು.