ಪುಟ್ಟ ಪದವಿಗೆ ದೊಡ್ಡ ಫೋಟೊ

ಲಾ ಪಾಸ್ ಊರಿನಲ್ಲಿ ಅಲಸಿತಾ ಸಂತೆಯ ದಿನ ಬಾಳಿಗೆ ಏನು ಬೇಕೋ ಅದನ್ನು ಬೆರಳುದ್ದದ ಗೊಂಬೆರೂಪದಲ್ಲಿ ಕೊಳ್ಳಬೇಕು. ಬೆರಳುದ್ದದ ಮನೆ, ಬೆರಳುದ್ದದ ಲಾರಿ, ಉಗುರಗಲದ ಅಕ್ಕಿಮೂಟೆ. ನಡುಹಗಲು ಹನ್ನೆರಡರ ಗಂಟೆ ಬಾರಿಸುವಾಗ ಅದಕ್ಕೆ ಯತೀರಿ ಎನ್ನುವ ಪೂಜಾರಿ ಅಜ್ಜನಿಂದ ಧೂಪ ಹಿಡಿಸಿ ಹರಸಿಸಿಕೊಂಡರೆ, ವರ್ಷದೊಳಗೆ ಅದು ಬೆಳೆದು ನಿಜವಾಗುತ್ತದೆ.

ಇಲಾರಿಯಾ ಆ ಸಂತೆಯಲ್ಲಿ ಪುಟ್ಟ ಪದವಿಪತ್ರಗಳನ್ನು ಅಚ್ಚು ಹಾಕಿಕೊಡುವವಳು. ನೀಲಿ ಟಾರ್ಪಾಲಿನ ಕೆಳಗೆ ಹಳೆಯ ಲ್ಯಾಪ್‌ಟಾಪು, ಒಂದು ಪ್ರಿಂಟರು, ಅಷ್ಟೇ ಅವಳ ಅಂಗಡಿ. ಹನ್ನೊಂದೂವರೆಗೆ ಆಲೂಗಡ್ಡೆ ಮಾರುವ ಸತುರ್ನೀನಾ ಏದುಸಿರು ಬಿಡುತ್ತ ಬಂದಳು. ಅವಳ ಮಗಳು ಮಾರ್ಲೆನಿ ಕೊಚಬಾಂಬಾದಲ್ಲಿ ನರ್ಸಿಂಗ್ ಓದುತ್ತಿದ್ದಳು. ಕೊನೆಯ ಪರೀಕ್ಷೆಯಲ್ಲಿ ಎರಡು ಸಲ ಎಡವಿದ್ದಳು; ಇನ್ನುಳಿದದ್ದು ಒಂದೇ ಅವಕಾಶ. ಆ ಪದವಿ ಇಂದು ಹನ್ನೆರಡಕ್ಕೆ ಸರಿಯಾಗಿ ಹರಸಿಸಿಕೊಳ್ಳಬೇಕಿತ್ತು.

ಸತುರ್ನೀನಾ ಮೊಬೈಲು ಚಾಚಿದಳು. ಫೋಟೊ ತೆರೆದರೆ ಮುಖವೆಲ್ಲ ಚೌಕ ಚೌಕ, ಕಣ್ಣಿಗೂ ಮೂಗಿಗೂ ವ್ಯತ್ಯಾಸವಿಲ್ಲ.

“ಏನಕ್ಕಾ ಇದು, ಮಗಳ ಮುಖಾನಾ, ನಿನ್ನ ಬುಟ್ಟೀಲಿರೋ ಆಲೂಗಡ್ಡೇನಾ?” ಎಂದಳು ಇಲಾರಿಯಾ.

“ಪತ್ರ ಚಿಕ್ಕದು ತಾನೇ ತಾಯಿ? ಅದಕ್ಕೇ, ಎಷ್ಟು ಚಿಕ್ಕದಾಗತ್ತೋ ಅಷ್ಟು ಚಿಕ್ಕದು ಮಾಡಿ ಕಳ್ಸು ಅಂದೆ.”

ಇಲಾರಿಯಾಗೆ ನಗು ಬಂತು, ತಡೆದುಕೊಂಡಳು. ಅಚ್ಚು ಚಿಕ್ಕದಾದರೂ ಮುಖಕ್ಕೆ ಚುಕ್ಕಿಗಳು ತುಂಬ ಬೇಕು, ಚುಕ್ಕಿ ಕಮ್ಮಿಯಾದರೆ ಮುಖವೇ ಕರಗಿಹೋಗುತ್ತದೆ ಎಂದು ತಿಳಿಸಿ ಹೇಳಿದಳು. ಕೇಳಿ ಸತುರ್ನೀನಾಳ ಮೋರೆ ಬಾಡಿತು.

“ಮಸುಕಾಗಿದ್ದದ್ದು ಮಸುಕಾಗೇ ಬೆಳೆದ್ರೆ? ಆ ಪದವಿ ಬೇರೆ ಯಾರ ಮಗಳಿಗೋ ಹೋಗ್ಬಿಡತ್ತಲ್ಲ.”

ಇಲಾರಿಯಾ ಈ ಮಾತಿಗೆ ನಗಲಿಲ್ಲ. ದೇವರ ಮುಂದೆ ಇಡುವ ಬೇಡಿಕೆ ಚಿಕ್ಕದಿರಬಹುದು, ಕಲಸುಮೇಲೋಗರ ಆಗಬಾರದು ಎಂದು ಅವಳೂ ನಂಬಿದವಳೇ. ಮಾರ್ಲೆನಿಗೆ ಫೋನು ಹಚ್ಚಿ, ಮೊಬೈಲಿನಲ್ಲಿ ತೆಗೆದ ಮೂಲ ಫೋಟೊವನ್ನೇ ಕಳಿಸಬೇಕು, ಅದನ್ನೂ ಫೋಟೊ ಅಂತ ಕಳಿಸದೆ ಫೈಲ್ ಆಗಿ ಕಳಿಸಬೇಕು, ಇಲ್ಲದಿದ್ದರೆ ಕಳಿಸುವ ಆ್ಯಪ್ ಅದನ್ನು ದಾರಿಯಲ್ಲೇ ಹಿಂಡಿ ಹಾಕುತ್ತದೆ ಎಂದಳು.

ಹನ್ನೊಂದೂ ಮುಕ್ಕಾಲಿಗೆ ಫೈಲು ಬಂತು. ಹಳೆಯ ಲ್ಯಾಪ್‌ಟಾಪು ಅದನ್ನು ತೆರೆಯಲೇ ಇಲ್ಲ. ಮಗಳದು ಹೊಸ ಮೊಬೈಲು. ಫೋಟೊದ ಹೆಸರಿನ ಕೊನೆಗೆ ಹಳೆಯ ಯಂತ್ರಕ್ಕೆ ಗುರುತೇ ಇಲ್ಲದ ಎಚ್‌ಇಐಸಿ ಎಂಬ ಬಾಲ. ಅದನ್ನು ಬದಲಿಸಿಕೊಡುವ ತಂತ್ರಾಂಶವೊಂದು ಇಲಾರಿಯಾಳ ಬಳಿ ಇತ್ತು. ಯಾವ ರೂಪಕ್ಕೆ ಬದಲಿಸಲಿ ಎಂದು ಅದು ಕೇಳಿತು.

ಅವಳ ಬೆರಳು ರೂಢಿಯಂತೆ ಜೆಪೆಗ್ ಕಡೆಗೆ ಹೋಗಿ ನಿಂತಿತು. ಜೆಪೆಗ್ ಹಗುರ, ಬೇಗ ಮುಗಿಯುತ್ತದೆ. ಮುಖಗಳಿಗೆ ಅದೇ ಸಾಕು. ಆದರೆ ಹಗುರಾಗಲು ಅದು ಸೂಕ್ಷ್ಮವನ್ನೆಲ್ಲ ಉದುರಿಸುತ್ತದೆ, ಪತ್ರದ ಎಳ್ಳಿನಷ್ಟು ಅಕ್ಷರಗಳ ಅಂಚಿಗೆ ಧೂಳು ಮೆತ್ತಿದಂತೆ ಮಾಡುತ್ತದೆ. ಪಿಎನ್‌ಜಿ ಒಂದು ಚುಕ್ಕಿಯನ್ನೂ ಬಿಡುವುದಿಲ್ಲ. ಭಾರ, ನಿಧಾನ. ಹೊತ್ತೋ ಓಡುತ್ತಿತ್ತು. ಇಲಾರಿಯಾ ಶಿಲುಬೆಯ ಗುರುತು ಮಾಡಿಕೊಂಡು, ಫೋಟೊವನ್ನೂ ಪತ್ರವನ್ನೂ ಪಿಎನ್‌ಜಿಯಲ್ಲೇ ಉಳಿಸಿದಳು.

ಲ್ಯಾಪ್‌ಟಾಪು ಮುದಿ ಕತ್ತೆ ಏರು ಹತ್ತಿದ ಹಾಗೆ ತೆವಳಿತು. ಸತುರ್ನೀನಾ ಕಣ್ಣು ಮುಚ್ಚಿ ಭೂಮಿತಾಯಿಯನ್ನು ನೆನೆಯುತ್ತ ನಿಂತಳು. ಹನ್ನೆರಡಕ್ಕೆ ಮೂರು ನಿಮಿಷವಿರುವಾಗ ಪ್ರಿಂಟರು ಪತ್ರವನ್ನು ಉಗುಳಿತು. ಅವಳು ಅದನ್ನು ಕಸಿದುಕೊಂಡು, ಲಂಗ ಎತ್ತಿ ಹಿಡಿದು ಓಡಿದಳು. ಇಗರ್ಜಿಯ ಗಂಟೆ ಬಾರಿಸಿತು, ಸಂತೆಯ ಮೇಲೆಲ್ಲ ಧೂಪದ ಹೊಗೆ ಎದ್ದಿತು. ಇಲಾರಿಯಾ ಕೂತಲ್ಲೇ ಕೈಮುಗಿದಳು.

ಸ್ವಲ್ಪ ಹೊತ್ತಿಗೆ ಸತುರ್ನೀನಾ ಜಡೆಯ ತುಂಬ ಅಜ್ಜ ಎರಚಿದ ಹೂವಿನ ಎಸಳು ಹೊತ್ತು ತಿರುಗಿ ಬಂದಳು.

“ಯತೀರಿ ಅಜ್ಜ ಕನ್ನಡಕ ಇಲ್ದೇ ಓದಿಬಿಟ್ಟ ಕಣೇ ತಾಯಿ. ಮಾರ್ಲೆನಿ ತಿಕೋನಾ ಅಂತ ಪೂರ್ತಿ ಹೆಸರು ಹಿಡಿದು ಕೂಗಿ ಹರಸಿದ. ಇನ್ನು ದೇವ್ರು ವಿಳಾಸ ತಪ್ಪೋ ಹಾಗಿಲ್ಲ.”

“ಸರಿ, ಇನ್ನು ಓದೋದು ಅವಳ ಪಾಲಿನ ಕೆಲಸ ಅಂತ ಹೇಳ್ಬಿಡು.”

ಸತುರ್ನೀನಾ ಆಗಲೇ ಮೊಬೈಲು ಕಿವಿಗಿಟ್ಟು, ಸಂತೆಗೆಲ್ಲ ಕೇಳುವಂತೆ ಮಗಳಿಗೆ ಪುಸ್ತಕ ತೆಗೆಯಲು ಹೇಳುತ್ತಿದ್ದಳು.