ಯಾಕಂದ್ರಮ್ಮನ ಎರಡನೆಯ ಪುಸ್ತಕ

ಯಾರಾದರೂ ಏನನ್ನಾದರೂ ‘ಚೆನ್ನಾಗಿದೆ’ ಎಂದು ಹೇಳಿ ಸುಮ್ಮನಾದರೆ ಯಾಕಂದ್ರಮ್ಮನಿಗೆ ಸಮಾಧಾನವಿರುತ್ತಿರಲಿಲ್ಲ. ತಲೆಯನ್ನು ತುಸು ಎಡಕ್ಕೆ ವಾಲಿಸಿ, ಕದ ತೆರೆದಿಟ್ಟು ನೆಂಟರ ದಾರಿ ನೋಡುವವರ ಹಾಗೆ ಕಾಯುತ್ತಿದ್ದರು, ಎದುರಿನವರು ಬಾಯಿ ಬಿಡದಿದ್ದರೆ ತಾವೇ ಮೆಲ್ಲಗೆ “ಯಾಕಂದ್ರೆ?” ಎಂದು ಎತ್ತಿಕೊಡುತ್ತಿದ್ದರು. ಇಪ್ಪತ್ತೆರಡು ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿದ ಕಾಲದಲ್ಲಿ ಮಕ್ಕಳು ಇಟ್ಟ ಹೆಸರದು. ಕೆಲಸ ಬಿಟ್ಟು, ಎಳೆಯರಿಗೆ ಬರವಣಿಗೆ ಕಲಿಸುವ ಪುಸ್ತಕಗಳನ್ನು ರಚಿಸಲು ಕುಳಿತ ಮೇಲೂ ಅಂಟಿಕೊಂಡೇ ಉಳಿಯಿತು. ಕನ್ನಡಕದ ಅಂಗಡಿ ಇಟ್ಟಿದ್ದ ಅವರ ಯಜಮಾನರು, “ಮದುವೆಗೆ ಮುಂಚೆ ನೀನಂದ್ರೆ ಇಷ್ಟ ಅಂದುಬಿಟ್ಟೆ. ಕಾರಣ ಹುಡುಕೋಕೆ ಒಂದು ವಾರ ಹಿಡೀತು” ಎಂದು ಮನೆಗೆ ಬಂದವರೆದುರೆಲ್ಲ ಹೇಳಿ ನಗುತ್ತಿದ್ದರು.

ಅವರ ನಡಿಗೆ ವಿಲಕ್ಷಣವಾದದ್ದು. ಚಿಕ್ಕ ಚಿಕ್ಕ ಹೆಜ್ಜೆಯಿಟ್ಟು ಸರಸರನೆ ಹೋಗುತ್ತಿದ್ದವರು, ಒಂದು ವಾಕ್ಯ ಹೊಳೆದೊಡನೆ ಕಾಲುದಾರಿಯ ನಟ್ಟನಡುವೆ ಕಂಬದಂತೆ ನಿಂತು, ಮೋಟು ಪೆನ್ಸಿಲುಗಳಿಂದ ಉಬ್ಬಿ ಜೋತಾಡುವ ಬೂದು ಕೋಟಿನ ಜೇಬಿಗೆ ಕೈಹಾಕುತ್ತಿದ್ದರು. ಹಿಂದೆ ಬರುತ್ತಿದ್ದವರು ಬಂದು ಢಿಕ್ಕಿ ಹೊಡೆದರೆ, “ಒಂದು ನಿಮಿಷ” ಎಂದು ಬರೆದು ಮುಗಿಸಿಯೇ ಕ್ಷಮೆ ಕೇಳುತ್ತಿದ್ದರು.

ಮೊದಲ ಪುಸ್ತಕ ಮಾಹಿತಿ ಬರೆಯುವುದನ್ನು ಕಲಿಸುವಂಥದು. ಅದರ ಕರಡಿನಲ್ಲಿ ‘ಬಸ್ಸಿನ ಟೈರು ಒಂದು ವರ್ಷ ಬಾಳುತ್ತದೆ’ ಎಂಬ ವಾಕ್ಯವೊಂದಿತ್ತು. ಬರೆದವರಿಗೇ ಅನುಮಾನ ಬಂದು ಬಸ್ ಡಿಪೋಗೆ ಹೋಗಿ ಮೆಕ್ಯಾನಿಕ್ಕನನ್ನು ವಿಚಾರಿಸಿದರೆ, ಆತ ಗಾಡಿಯಡಿಯಿಂದ ತಲೆಯನ್ನೂ ಹೊರಹಾಕದೆ, “ಯಾವ ರಸ್ತೆ ಅಂತ ಹೇಳಿ, ಆಮೇಲೆ ಹೇಳ್ತೀನಿ” ಎಂದ. ಯಾಕಂದ್ರಮ್ಮನಿಗೆ ನಿಧಿ ಸಿಕ್ಕಂತಾಯಿತು. ಟೈರಿನ ವಾಕ್ಯ ಹೋಗಿ, ಮೆಕ್ಯಾನಿಕ್ಕನ ಮಾತೇ ಒಂದು ಪಾಠವಾಯಿತು. ಪುಸ್ತಕ ಐದು ಸಲ ಅಚ್ಚಾಯಿತು.

ಎರಡನೆಯದು ಅಭಿಪ್ರಾಯ ಬರೆಯುವುದನ್ನು ಕಲಿಸುವ ಪುಸ್ತಕ. ನಾಲ್ಕು ವರ್ಷದ ಶ್ರಮ. ಕರಡು ಪ್ರತಿ ಸಿದ್ಧವಾದಾಗ, ಹತ್ತಿರದ ಶಾಲೆಯ ನಾಲ್ಕನೆಯ ತರಗತಿಯ ಮೇಷ್ಟರು ಅದನ್ನು ಮಕ್ಕಳಿಗೆ ಕೊಟ್ಟು ನೋಡಲು ಒಪ್ಪಿದರು. ‘ಆಟದ ಅವಧಿ ಹೆಚ್ಚಬೇಕೆ?’ ಎಂಬ ಅಭ್ಯಾಸಕ್ಕೆ ಮೂವತ್ತೊಂದು ಮಕ್ಕಳು ಹೆಚ್ಚುಕಡಿಮೆ ಒಂದೇ ಮಾತಿನಲ್ಲಿ ಹೌದೆಂದು, ಗೆರೆಯೆಳೆದು ಬಿಟ್ಟಿದ್ದ ಮೂರು ಜಾಗಗಳಲ್ಲಿ ಮೂರು ಕಾರಣಗಳನ್ನು ಅಚ್ಚುಕಟ್ಟಾಗಿ ತುಂಬಿದ್ದರು. ಒಬ್ಬ ಹುಡುಗಿ ಮಾತ್ರ ಜಾಗಗಳನ್ನು ಖಾಲಿ ಬಿಟ್ಟು, ಹಾಳೆಯ ಬೆನ್ನಿಗೆ ಹೀಗೆ ಬರೆದಿದ್ದಳು: ‘ಈ ಪುಸ್ತಕ ನನಗೆ ಇಷ್ಟವಾಗಲಿಲ್ಲ. ಯಾಕೆಂದರೆ ಇಲ್ಲಿ ಕೇಳಿದ್ದಕ್ಕೆಲ್ಲ ಏನು ಬರೆಯಬೇಕೆಂದು ಮೊದಲೇ ಗೊತ್ತಾಗುತ್ತದೆ. ನಮ್ಮ ಶೌಚಾಲಯದ ಚಿಲಕ ಮುರಿದು ಎರಡು ತಿಂಗಳಾಯಿತು. ಅದರ ಬಗ್ಗೆ ಯಾರೂ ಬರೆಯಲು ಹೇಳಿಲ್ಲ.’

“ಬೇಜಾರು ಮಾಡ್ಕೋಬೇಡಿ, ಸ್ವಲ್ಪ ಬಾಯಿ ಜೋರು ಈ ಹುಡುಗಿದು” ಎಂದು ಮೇಷ್ಟರು ಸಂಕೋಚದಿಂದ ಕೈ ಹಿಸುಕಿಕೊಂಡರು.

ಯಾಕಂದ್ರಮ್ಮ ಮಕ್ಕಳ ಗಿಡ್ಡ ಬೆಂಚಿನ ಮೇಲೆ, ಮಂಡಿ ಗಲ್ಲಕ್ಕೆ ತಾಗುವಂತೆ ಕುಳಿತು ಅದನ್ನು ಮತ್ತೆ ಮತ್ತೆ ಓದಿದರು. ನೋವಾಯಿತೆಂಬುದರಲ್ಲಿ ಸಂದೇಹವಿಲ್ಲ, ಎರಡು ದಿನ ಮನೆಯಲ್ಲಿ ಅವರು ಯಾರನ್ನೂ ಏನನ್ನೂ ಕೇಳಲಿಲ್ಲವೆಂದೂ, ತರಕಾರಿ ಚೆನ್ನಾಗಿದೆ ಎಂದರೆ ಸುಮ್ಮನೆ ತಲೆಯಾಡಿಸಿದರೆಂದೂ, ಅದಕ್ಕೇ ತನಗೆ ಭಯವಾಯಿತೆಂದೂ ಅವರ ನಾದಿನಿ ಹೇಳುತ್ತಾರೆ. ಮೂರನೆಯ ದಿನ ಕೋಟು ತೊಟ್ಟು ಪ್ರಕಾಶಕರ ಕಚೇರಿಗೆ ಹೋಗಿ, ಅಚ್ಚು ನಿಲ್ಲಿಸಬೇಕೆಂದರು.

“ಒಂದು ಮಗು ಬರೆದಿದ್ದಕ್ಕೆ ಇಡೀ ಪುಸ್ತಕ ಕೆಡವ್ತೀರಾ?” ಎಂದರು ಪ್ರಕಾಶಕರು.

“ಮೂವತ್ತೆರಡರಲ್ಲಿ ಬರೆದಿದ್ದು ಆ ಒಂದು ಮಗುನೇ ಸರ್. ಉಳಿದೋರು ಜಾಗ ತುಂಬಿಸಿದ್ರು. ತುಂಬಿಸೋದನ್ನ ಕಲಿಸಿದ್ದು ನಾನು.”

ಪುಸ್ತಕ ಒಂದು ವರ್ಷ ತಡವಾಯಿತು. ಆ ವರ್ಷವೆಲ್ಲ ಅವರು ವಾರಕ್ಕೆರಡು ದಿನ ಅದೇ ತರಗತಿಗೆ ಹೋದರು. ಮೊದಲ ಕೆಲಸ ಚಿಲಕದ್ದು. ಯಾರಿಗೆ ಬರೆಯಬೇಕು, ಅವರು ಏನೆಂದು ತಳ್ಳಿಹಾಕಬಹುದು, ಅದಕ್ಕೆ ನಮ್ಮ ಉತ್ತರವೇನು ಎಂದು ಮಕ್ಕಳು ಅರ್ಧ ದಿನ ಕಿತ್ತಾಡಿದರು. ‘ಬಾಗಿಲ ಹೊರಗೆ ಗೆಳತಿಯನ್ನು ಕಾವಲು ನಿಲ್ಲಿಸಿದರೆ ಇಬ್ಬರಿಗೂ ಪಾಠ ತಪ್ಪುತ್ತದೆ’ ಎಂಬ ಆ ಹುಡುಗಿಯ ವಾಕ್ಯವನ್ನು ಮುಖ್ಯೋಪಾಧ್ಯಾಯಿನಿ ಎರಡು ಬಾರಿ ಓದಿ, ಬಡಗಿಗೆ ಹೇಳಿಕಳಿಸಿದರು. ನಾಲ್ಕೇ ದಿನದಲ್ಲಿ ಹೊಸ ಚಿಲಕ ಬಂತು. ಅಂದು ಹುಡುಗಿಯರು ಅವಶ್ಯಕತೆಯಿಲ್ಲದಿದ್ದರೂ ಸರದಿಯಲ್ಲಿ ಹೋಗಿ ಅದನ್ನು ಹಾಕಿ ತೆಗೆದು ಬಂದರಂತೆ.

ಹೊಸ ಪುಸ್ತಕ ಬಂದಾಗ ಮೊದಲ ಪ್ರತಿ ಹೋದದ್ದು ಆ ವಿಮರ್ಶಕಿಗೇ. ಅವಳು ಪುಟ ಮಗುಚಿ ನೋಡಿ, “ಪರವಾಗಿಲ್ಲ, ಇದರಲ್ಲಿ ನಮಗೇ ಜಾಸ್ತಿ ಜಾಗ ಬಿಟ್ಟಿದೀರ. ಆದ್ರೆ ಚಿತ್ರ ಚೆನ್ನಾಗಿಲ್ಲ” ಎಂದಳು. ಚಿತ್ರ ಏಕೆ ಚೆನ್ನಾಗಿಲ್ಲವೆಂಬ ಚರ್ಚೆಯಲ್ಲಿ ಇಬ್ಬರೂ ಮಧ್ಯಾಹ್ನದ ಊಟದ ಗಂಟೆಯನ್ನೂ ಕೇಳಿಸಿಕೊಳ್ಳಲಿಲ್ಲ.

ಮಕ್ಕಳಿಗೆ ಬರೆಯಲು ಕಲಿಸುವ ಪುಸ್ತಕಗಳನ್ನು ಯಾರೂ ಕಪಾಟಿನಲ್ಲಿ ಜೋಪಾನ ಮಾಡುವುದಿಲ್ಲ; ವರ್ಷ ಕಳೆದರೆ ಅವುಗಳ ಹಾಳೆ ದೋಣಿಯಾಗುತ್ತದೆ, ರಟ್ಟು ಬೀಸಣಿಗೆಯಾಗುತ್ತದೆ. ಅವುಗಳನ್ನು ಬರೆದವರಿಗೆ ಸನ್ಮಾನವಿಲ್ಲ, ಸಾಹಿತ್ಯಚರಿತ್ರೆಯಲ್ಲಿ ಅಡಿಟಿಪ್ಪಣಿಯೂ ಇಲ್ಲ. ಆದರೆ ಎಲ್ಲೋ ಒಂದು ಸಭೆಯಲ್ಲಿ ಎಲ್ಲರೂ ಹೂಂಗುಟ್ಟುತ್ತಿರುವಾಗ ಒಬ್ಬಳು ಎದ್ದು, ದನಿಯೇರಿಸದೆ, ತನಗೆ ತಿಳಿದದ್ದನ್ನೂ ತನಗೆ ಅನ್ನಿಸಿದ್ದನ್ನೂ ಬೇರೆಬೇರೆಯಾಗಿ ಬಿಡಿಸಿಟ್ಟು ಮಾತಾಡಿ ಕುಳಿತಾಗ, ಇಂಥವರ ಬಾಳಿನ ಕೆಲಸ ಸದ್ದಿಲ್ಲದೆ ಕೈಗೂಡಿರುತ್ತದೆ. ಹಾಗೆ ಮಾತಾಡಿದವಳಿಗೂ ಅದು ತನ್ನ ಸ್ವಂತ ದನಿಯೆಂದೇ ಅನ್ನಿಸುವುದು ಅವರಿಗೆ ಸಲ್ಲಬಹುದಾದ ದೊಡ್ಡ ಗೌರವ.